ಮಂಕಾಗದ ಟ್ಯೂಬು

ಸ್ಟೇಷನ್ ರಸ್ತೆಯಾಗಿನ ನನ್ನ ರಿಪೇರಿ ಅಂಗಡಿಗೆ ಹೊನವಾಡದ ದಸ್ತಗೀರ್ ಚಾಚಾ ಗಾಜಿನ ಟ್ಯೂಬಿನ ಹಳೇ ಆಂಪ್ಲಿಫೈಯರ್ ತಂದ್ರು. "ಹಾಡಿನ ಹಿಂದ ಗುಂಯ್ ಅಂತೈತಿ, ಅದೊಂದು ನಿಲ್ಲಸ್ರಿ" ಅಂದ್ರು. ಟ್ಯೂಬ್ ಕಾಯಿಸೂ ಹೀಟರಿಗೆ ನಾ ಒಂದು ವೋಲ್ಟೇಜ್ ರೆಗ್ಯುಲೇಟರ್ ಕೂಡ್ಸಿದೆ. ಲೈನಿನ್ಯಾಗ ವೋಲ್ಟೇಜ್ ಏರಲಿ ಇಳೀಲಿ, ಹೀಟರಿಗೆ ಹೋಗೂದು ಒಂದ ಸಮ. ಗುಂಯ್ ನಿಂತಿತು. ನನಗ ಭಾಳ ಹೆಮ್ಮಿ.

ವಾರಕ್ಕ ಚಾಚಾ ಆಂಪ್ಲಿಫೈಯರ್ ಹೊತ್ಕೊಂಡು ಸಿಟ್ಟಿಲೆ ವಾಪಸ್ ಬಂದ್ರು. "ಏನ್ ಮಾಡೀರಿ ಇದಕ್ಕ? ದ್ರಾಕ್ಷಿ ತ್ವಾಟದ ಮೋಟಾರ್ ಸುಟ್ಟೈತಿ!"

ನಾ ಕಕ್ಕಾಬಿಕ್ಕಿ ಆದೆ. "ಹಾಡಿಗೂ ಮೋಟಾರಿಗೂ ಏನ್ರಿ ಸಂಬಂಧ, ಚಾಚಾ?"

"ಇದು ಇರೂದ ಪಂಪ್ ಶೆಡ್ಡಿನ್ಯಾಗ. ಟ್ಯೂಬ್ ಕೆಂಪಗ ಉರದ್ರ ಮೋಟಾರ್ ಚಾಲೂ ಮಾಡತಿದ್ದೆ, ಮಂಕಾದ್ರ ವೋಲ್ಟೇಜ್ ಕಮ್ಮಿ ಐತಿ, ಮೋಟಾರ್ ಸುಡತೈತಿ ಅಂತ ಬಿಡತಿದ್ದೆ. ಈಗ ಯಾವಾಗ ನೋಡಿದ್ರೂ ಕೆಂಪಗ!"

"ಶೆಡ್ಡಿನ್ಯಾಗ ಮೀಟರ್ ಇಲ್ಲೇನ್ರಿ?"

"ಐತಿ, ಕೆಟ್ಟು ಎಂಟು ವರ್ಷ ಆತು. ಈ ಟ್ಯೂಬ್ ಒಂದ ದಿನಾನೂ ಸುಳ್ಳು ಹೇಳಿದ್ದಿಲ್ಲ, ನೀವು ರಿಪೇರಿ ಮಾಡೂ ತನಕ."

ತಪ್ಪು ಯಾರದು ಅಂತ ತಿಳೀಲಿಲ್ಲ. ರೆಗ್ಯುಲೇಟರ್ ಬಿಚ್ಚಿ ತಗದು ಆಂಪ್ಲಿಫೈಯರ್ ವಾಪಸ್ ಕೊಟ್ಟೆ. ಚಾಚಾ ಬಾಗಲ ತನಕ ಹೋಗಿ ತಿರುಗಿ ನಿಂತ್ರು.

"ಗುಂಯ್ ಮಾತ್ರ ಅನ್ನಬಾರದು ನೋಡ್ರಿ ಮತ್ತ."