ಒಂದು ಸ್ಟಾರಿಗೆ ಮೂರು ಗೀಟು

ಹೋದ ತಿಂಗಳು ಹಂಗಳದ ಕಡೆಯ ವಿದ್ಯಾರ್ಥಿನಿಯೊಬ್ಬಳು ಲ್ಯಾಬಿಗೆ ತಡವಾಗಿ ಬಂದು ನನ್ನ ಪಕ್ಕದಲ್ಲಿ ನಿಂತಳು. ಮನೆಯಲ್ಲಿ ಅರಿಸಿನ ಬೇಯಿಸುತ್ತಿದ್ದಾರೆಂದು ಅವಳು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಬೆಂದ ಅರಿಸಿನದ ವಾಸನೆ, ಒಲೆಯ ಹೊಗೆ ಎರಡೂ ಸೇರಿ ಅವಳ ದುಪಟ್ಟಾದಿಂದಲೇ ಬರುತ್ತಿದ್ದವು. ನಾನು ಚಾಮರಾಜನಗರದ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವಳು.

"ಮೇಡಂ, ಕೈಯಲ್ಲಿ ಟೈಪ್ ಮಾಡುದ್ರೆ ನಡೀತದೆ, ಮೇಕ್ ಫೈಲಿಗೆ ಹಾಕುದ್ರೆ ನಡೆಯಲ್ಲ" ಎಂದಳು.

ನೋಡಿದೆ. ಪ್ರೋಗ್ರಾಮಿನ ತುಂಡುಗಳನ್ನು ಜೋಡಿಸಿ ಕಟ್ಟಿಕೊಡುವ ಆ ಮೇಕ್ ಮಹಾಶಯ ಅವಳು ಬರೆದಿದ್ದ ಡಾಲರ್ ಗುರುತನ್ನು ತನ್ನದೆಂದುಕೊಂಡು ನುಂಗಿ, ಉಳಿದದ್ದನ್ನಷ್ಟೇ ಕಮಾಂಡು ಓದಿ ನಡೆಸುವ ಶೆಲ್ಲಿಗೆ ದಾಟಿಸಿದ್ದ. "ಇನ್ನೊಂದು ಡಾಲರ್ ಹಾಕು. ನಡುವೆ ಎಷ್ಟು ಗೇಟು ಅವೆ ಅಂತ ಮೊದ್ಲು ಎಣಿಸ್ಕೋಬೇಕು ಕಣಮ್ಮಿ" ಎಂದೆ. ಆ ಮಾತು ನನ್ನದಲ್ಲ. ಅರಿಸಿನದ ವಾಸನೆಯೂ ಆ ಮಾತೂ ಒಟ್ಟಿಗೆ ಬಂದದ್ದು ಎಷ್ಟೋ ವರ್ಷದ ಮೇಲೆ...

ಅದು ತೊಂಬತ್ತರ ದಶಕದ ಕೊನೆ. ಗುಂಡ್ಲುಪೇಟೆಯಲ್ಲಿ ಒಬ್ಬ ಅರಿಸಿನ ವ್ಯಾಪಾರಿ ತಮ್ಮ ಗೋಡೌನಿನ ಮೇಲಿನ ಅಂತಸ್ತಿನಲ್ಲಿ ಕಂಪ್ಯೂಟರ್ ಸೆಂಟರ್ ತೆರೆದಿದ್ದರು. ಒಂದು ಯೂನಿಕ್ಸ್ ಯಂತ್ರ, ಅದಕ್ಕೆ ಜೋತುಬಿದ್ದ ಐದು ಟರ್ಮಿನಲ್ಲು. ಚಪ್ಪಲಿ ಹೊರಗೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಬೇಕು, ದೇವರ ಮನೆಗೆ ಹೋದ ಹಾಗೆ. ಎಷ್ಟು ಮಡಿ ಮಾಡಿದರೂ ಕೆಳಗಿನ ಅರಿಸಿನದ ಧೂಳು ಕೀಬೋರ್ಡಿನ ಸಂದಿಗೆಲ್ಲ ಸೇರುತ್ತಿತ್ತು. ನಾವು ನಾಲ್ವರು ಹುಡುಗಿಯರು ಸಂಜೆ ಮನೆಗೆ ಹೋಗುವಾಗ ಬೆರಳ ತುದಿ ಹಳದಿ. "ಕಂಪ್ಯೂಟರ್ ಕಲೀತಿದ್ದೀಯೋ, ಮದುವೆ ಅರಿಸಿನ ಹಚ್ಚಿಸ್ಕತಿದ್ದೀಯೋ" ಎಂದು ನಮ್ಮ ಚಿಕ್ಕಮ್ಮ ಛೇಡಿಸುತ್ತಿದ್ದಳು.

ಅಲ್ಲಿ ಕಲಿಸುತ್ತಿದ್ದವರೇ ನಮ್ಮ ಮೇಡಂ. ಚಾಮರಾಜನಗರದವರು, ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಾನು ನಡುದಾರಿಯ ತೆರಕಣಾಂಬಿಯಲ್ಲಿ ಹತ್ತುತ್ತಿದ್ದೆ. ಮೇಡಂ ತೊಡೆಯ ಮೇಲಿನ ಬ್ಯಾಗು ಎತ್ತಿ ನನಗೆ ಜಾಗ ಮಾಡಿಕೊಡುತ್ತಿದ್ದರು. ಆಗ ಅವರಿಗೆ ಮೂವತ್ತು ಇದ್ದಿರಬಹುದು. ತುರುಬಿನಲ್ಲಿ ಸದಾ ಒಂದು ಪೆನ್ಸಿಲ್ಲು, ಬಲಗೈಗೆ ಗಂಡಸರ ವಾಚು, ಪರ್ಸಿನಲ್ಲಿ ಹುರಿದ ಹುರುಳಿಕಾಳು. ಪಾಠ ಮಾಡುವಾಗಲೂ ಒಂದೆರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಮಗೆ ಮಾತ್ರ ಟರ್ಮಿನಲ್ ಹತ್ತಿರ ನೀರು ಕುಡಿಯಲೂ ಬಿಡುತ್ತಿರಲಿಲ್ಲ.

ಆ ವರ್ಷ ಸೆಂಟರಿಗೆ ಒಂದು ಕೆಲಸ ಬಂತು. ಕಣ್ಣಿನ ತಪಾಸಣೆ ಮಾಡುವ ಒಂದು ಟ್ರಸ್ಟಿನವರು ಊರೂರು ಸುತ್ತಿ, ಯಾರಿಗೆ ಪೊರೆ ಬಂದಿದೆ, ಯಾರಿಗೆ ಕನ್ನಡಕ ಬೇಕು ಎಂದು ಹಾಳೆಗಳಲ್ಲಿ ಬರೆದು ತಂದಿದ್ದರು. ಅದನ್ನು ಊರಿಗೊಂದು ಫೈಲಿನಂತೆ ನಾವು ತುಂಬಿಸಬೇಕು. ಆ ಪಟ್ಟಿ ನೋಡಿಯೇ ಜನರನ್ನು ಆಪರೇಷನ್ ಕ್ಯಾಂಪಿಗೆ ಕರೆಸುವುದು.

ಸೆಂಟರಿನ ಯಜಮಾನರಾದ ಆ ವ್ಯಾಪಾರಿಗೆ ಮೊದಲಿನಿಂದಲೂ ಒಂದೇ ಹಟ. "ಹೆಣ್ಮಕ್ಕಳಿಗೆ ಹೆಸರು ತುಂಬ್ಸೋ ಮೆನು ಸಾಕು ಕಣಮ್ಮ. ಆ ಕಮಾಂಡ್ ಹೊಡಿಯೋ ಪರದೆ ಯಾಕೆ ಕೊಡ್ತೀರಿ?"

"ಕಲಿಯಕ್ಕೆ ಅಂತ ಬಂದವ್ರೆ ಸಾರ್, ಟೈಪ್ ಹೊಡಿಯಕ್ಕಲ್ಲ" ಎನ್ನುತ್ತಿದ್ದರು ಮೇಡಂ.

"ಆಯ್ತು. ಅವ್ರ ಕೈಲಿ ಒಂದು ತಪ್ಪಾಗ್ಲಿ, ಅವತ್ತೇ ಮುಚ್ಚಿಸ್ಬುಡ್ತೀನಿ."

ಈ ಕರಾರಿನ ಮೇಲೆಯೇ ನಾವು ನಾಲ್ವರೂ ಆ ಪರದೆಯ ಮುಂದೆ ಕೂತಿದ್ದು.

ಹಾಳೆಯ ಕಂತೆ ಮುಗಿದರೆ ಅದರ ತಲೆಯ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸ್ಟಾರ್ ಹಾಕುವುದು ನಮ್ಮ ರೂಢಿ. ಕೈ ಸುಮ್ಮನಿರಬೇಕಲ್ಲ, ಕಂತೆ ಮುಗಿದ ಖುಷಿಯಲ್ಲಿ ನಮ್ಮಲ್ಲಿ ಯಾರಾದರೊಬ್ಬಳು ಕಂಪ್ಯೂಟರ್ ಮುಂದಿನ ಫೈಲಿನ ಹೆಸರು ಕೇಳಿದಾಗಲೂ ಸ್ಟಾರ್ ಒತ್ತಿಬಿಡುತ್ತಿದ್ದಳು. ಅದೋ ಹೇಳಿದಷ್ಟು ಕೇಳುವ ಯಂತ್ರ, ಸ್ಟಾರ್ ಎಂಬ ಹೆಸರಿನದೇ ಒಂದು ಖಾಲಿ ಫೈಲು ಹುಟ್ಟಿಸಿ ಕೂರಿಸುತ್ತಿತ್ತು. ಅದನ್ನು ಅಳಿಸುವುದು ಹುಡುಗಾಟವಲ್ಲ. ಶೆಲ್ಲಿನ ಪಾಲಿಗೆ ಸ್ಟಾರ್ ಎಂದರೆ ಇಲ್ಲಿರುವುದೆಲ್ಲ ಎಂದರ್ಥ. ಅಳಿಸುವ rm ಕಮಾಂಡಿನ ಮುಂದೆ ಬರೀ ಸ್ಟಾರ್ ಕೊಟ್ಟರೆ ಊರಿಗೆ ಊರೇ ಗುಡಿಸಿಹೋಗುತ್ತದೆ.

ಮೇಡಂ ದಿನಾ ಸಂಜೆ ತಾವೇ ಕೂತು ಹೀಗೆ ಹೊಡೆಯುತ್ತಿದ್ದರು:

rm \*

"ಈ ಓರೆಗೀಟು ಶೆಲ್ಲಿಗೆ ತೋರಿಸೋ ಚೀಟಿ ಕಣಮ್ಮಿ" ಎಂದು ನನಗೆ ವಿವರಿಸಿದ್ದರು. "ಈ ಸ್ಟಾರು ಬರೀ ಸ್ಟಾರು, ಇದಕ್ಕೆ ಬೇರೆ ಅರ್ಥ ಕಟ್ಬೇಡ, ಹಂಗೇ ಒಳಕ್ಕೆ ಬುಡು ಅಂತ."

ನನಗೆ ಅದು ಬಹಳ ಇಷ್ಟವಾಯಿತು. ಇಷ್ಟವಾದದ್ದನ್ನು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಂಜೆ ಯಂತ್ರ ನಿಲ್ಲಿಸುವ ಮುಂಚೆ ಮಾಡುವ ಕೆಲಸಗಳನ್ನೆಲ್ಲ ಮೇಡಂ ಸಾಲಾಗಿ ಬರೆದು, sanje ಎಂಬ ಫೈಲಿನಲ್ಲಿ ಬೇರೆ ಜಾಗದಲ್ಲಿ ಇಟ್ಟಿದ್ದರು. ಊರಿನ ಫೈಲುಗಳಿದ್ದ ಜಾಗದಿಂದ ಅದನ್ನು ಓಡಿಸಿದರೆ ಒಂದಾದ ಮೇಲೊಂದು ತಾವೇ ಆಗುತ್ತಿದ್ದವು. ಈ ಸ್ಟಾರ್ ಅಳಿಸುವ ಸಾಲನ್ನೂ ಅದಕ್ಕೆ ಸೇರಿಸಿಬಿಟ್ಟರೆ ಮೇಡಮ್ಮಿಗೆ ಒಂದು ಕೆಲಸ ಕಮ್ಮಿಯಾಗುತ್ತದೆ, ನನ್ನ ಜಾಣತನ ನೋಡಿ ಮೆಚ್ಚುತ್ತಾರೆ ಎಂದು ಲೆಕ್ಕ ಹಾಕಿದೆ. ಫೈಲು ತಿದ್ದುವ ಎಡಿಟರ್ ತೆರೆದು ಬರೆಯುವುದು ನನಗೆ ಆಗ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. echo ಎಂದು ಬರೆದು ಎರಡು ಬಾಣ ಕೊಟ್ಟರೆ ಸಾಲು ಹೋಗಿ ಫೈಲಿನ ಕೊನೆಗೆ ಕೂರುತ್ತದೆ ಎಂದು ಆ ವಾರವಷ್ಟೇ ಕಲಿತಿದ್ದೆ. ಒಂದು ಗುರುವಾರ ಮಧ್ಯಾಹ್ನ, ಯಾರಿಗೂ ಹೇಳದೆ, ಆ ಫೈಲಿದ್ದ ಜಾಗಕ್ಕೆ ಹೋಗಿ ಒತ್ತಿದೆ:

echo rm \* >> sanje

ಐದು ಗಂಟೆಗೆ ಮೇಡಂ ಎಂದಿನಂತೆ ಸಂಜೆಯ ಫೈಲು ಓಡಿಸಿದರು. ಎಂದಿಗಿಂತ ಸ್ವಲ್ಪ ಹೊತ್ತು ಹೆಚ್ಚಿಗೆ ಹಿಡಿಯಿತು. ಆಮೇಲೆ ಊರುಗಳ ಪಟ್ಟಿ ತೋರಿಸು ಎಂದು ಕೇಳಿದರು. ಪರದೆ ಏನೂ ತೋರಿಸಲಿಲ್ಲ. ಫ್ಲಾಪಿಗೆ ತುಂಬಿಸಿಡುವುದು ತಿಂಗಳ ಕೊನೆಯಲ್ಲಿ. ಹಂಗಳ, ತೆರಕಣಾಂಬಿ, ಉಮ್ಮತ್ತೂರು, ಇನ್ನೊಂದು ಯಾವುದೋ... ನಾಲ್ಕು ಊರು, ಮೂರು ವಾರದ ಕೆಲಸ. ಬರೆದ ಹಾಳೆಗಳೂ ಆಗಲೇ ಟ್ರಸ್ಟಿನ ಜೀಪಿನಲ್ಲಿ ವಾಪಸು ಹೋಗಿದ್ದವು. ಕ್ಯಾಂಪಿಗೆ ಹತ್ತೇ ದಿನ ಉಳಿದಿತ್ತು.

ಮೇಡಂ ಕೂಗಾಡಲಿಲ್ಲ. ಸಂಜೆಯ ಫೈಲು ತೆರೆದು ಕೊನೆಯ ಸಾಲು ನೋಡಿದರು. ಅಲ್ಲಿ rm ಮುಂದೆ ಸ್ಟಾರ್ ಬೆತ್ತಲೆ ನಿಂತಿತ್ತು. ನನ್ನ ಮುಖ ನೋಡಿದರು. ನನ್ನ ಮುಖವೇ ಎಲ್ಲ ಹೇಳಿರಬೇಕು.

"ಎಷ್ಟು ಗೀಟು ಹಾಕಿದ್ದೆ?" ಮೆಲ್ಲಗೆ ಕೇಳಿದರು.

"ಒಂದು."

"ಇಲ್ಲಿ ಗೇಟು ಎರಡು ಕಣಮ್ಮಿ. ಎಕೋ ಹೊಡೆವಾಗ ಒಂದು, ಸಂಜೆ ಓಡ್ಸುವಾಗ ಇನ್ನೊಂದು. ನಿನ್ನ ಚೀಟಿನ ಮೊದ್ಲನೇ ಗೇಟಲ್ಲೇ ಕಿತ್ಕಂಡ್ರು." ತುರುಬಿನ ಪೆನ್ಸಿಲ್ ತೆಗೆದು ಕಾಗದದ ಮೇಲೆ ಮೂರು ಗೀಟು, ಒಂದು ಸ್ಟಾರ್ ಬರೆದರು. "ಮೊದ್ಲನೇ ಗೀಟು ಎರಡನೇ ಗೀಟ ಕಾಯ್ತದೆ, ಮೂರನೇದು ಸ್ಟಾರ ಕಾಯ್ತದೆ. ಗೇಟು ದಾಟಿದ್ ಮೇಲೆ ಕಾವಲಿನವು ಎರಡೂ ಉದುರಿ ಒಂದು ಗೀಟು, ಒಂದು ಸ್ಟಾರು ಉಳೀತವೆ. ಎರಡೇ ಹಾಕಿದ್ರೂ ಇವತ್ತು ಬಚಾವಾಗ್ತಿದ್ದೆ. ಗೀಟಿಂದ ಶುರುವಾಗೋ ಹೆಸರಿನ ಫೈಲು ಇಲ್ಲಿ ಯಾವ್ದೂ ಇಲ್ವಲ್ಲ, ಅದ್ಕೆ. ಆದ್ರೆ ಅದು ಅದೃಷ್ಟ, ಲೆಕ್ಕ ಅಲ್ಲ."

ಹೇಳುತ್ತ ಹೇಳುತ್ತಲೇ ಆ ಕೊನೆಯ ಸಾಲನ್ನು ಅಳಿಸಿದರು. ಕೆಲಸ ಹೋಗುವ ಹೊತ್ತಿನಲ್ಲೂ ಪಾಠ ಮಾಡಿ ಮುಗಿಸಿದ ಮನುಷ್ಯರನ್ನು ನಾನು ಬೇರೆ ನೋಡಿಲ್ಲ.

ಪಟ್ಟಿ ಅಳಿಸಿಹೋದ ಸುದ್ದಿ ಕೆಳಗೆ ಮುಟ್ಟಿ ಯಜಮಾನರು ಮೆಟ್ಟಿಲು ಹತ್ತಿ ಬಂದರು. ಒಬ್ಬೊಬ್ಬರ ಮುಖವನ್ನೂ ನೋಡಿ, "ಯಾವ ಹುಡುಗಿ ಮಾಡಿದ್ದು?" ಎಂದರು.

"ಯಾರೂ ಅಲ್ಲ ಸಾರ್. ನನ್ನ ಕೈಯಿಂದ ಆಯ್ತು" ಎಂದರು ಮೇಡಂ.

ನಾನು ಅವರ ಬೆನ್ನ ಹಿಂದೆ ಮೂರೇ ಮಾರು ದೂರದಲ್ಲಿದ್ದೆ. ಬಾಯಿ ಬಿಟ್ಟಿದ್ದರೆ ಆ ಪರದೆ ನನಗಷ್ಟೇ ಅಲ್ಲ, ನಾಲ್ವರಿಗೂ ಮುಚ್ಚುತ್ತಿತ್ತು. ಹಾಗಂತ ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಅವತ್ತು ನನಗೆ ಬೇರೆ ಮೂವರ ನೆನಪೇ ಇರಲಿಲ್ಲ. ಹೆದರಿದ್ದೆ, ಅಷ್ಟೆ.

"ಈ ತಿಂಗಳು ಮುಗಿಸ್ಕೊಡಿ, ಸಾಕು" ಎಂದು ಯಜಮಾನರು ಇಳಿದುಹೋದರು.

ಮಾರನೆಯ ದಿನ ಮೇಡಂ ತಾವೇ ಬಸ್ಸು ಹತ್ತಿ ಹೋಗಿ ಹಾಳೆಗಳ ಗಂಟನ್ನು ವಾಪಸು ಹೊತ್ತು ತಂದರು. ಬೆಳಗಿನಿಂದ ಸಂಜೆಯವರೆಗೆ ಐವರೂ ಕೂತು ಹೊಡೆದೆವು. ಹಂಗಳದ ಹೆಸರುಗಳನ್ನು ಅವರೊಬ್ಬರೇ ತುಂಬಿಸಿದರು. ಕ್ಯಾಂಪಿಗೆ ಯಾರ ಹೆಸರೂ ತಪ್ಪಲಿಲ್ಲ. ತಿಂಗಳ ಕೊನೆಯ ದಿನ ಬಸ್ಸಿನಲ್ಲಿ ನಾನು ಏನೋ ಹೇಳಲು ಬಾಯಿ ತೆರೆದೆ. "ಆಗೋದ ಮಾತು, ಬುಡು. ಚೆನ್ನಾಗಿ ಕಲಿ" ಎಂದು ನನ್ನ ಅಂಗೈಗೆ ಹುರುಳಿಕಾಳು ಸುರಿದರು. ತೆರಕಣಾಂಬಿ ಬಂತು, ಇಳಿದೆ.

ಪರದೆ ನಮಗೆ ಮುಚ್ಚಲಿಲ್ಲ. ಮುಂದಿನ ವರ್ಷ ನನಗೆ ಅಲ್ಲೇ ಸಹಾಯಕಿಯ ಕೆಲಸ ಸಿಕ್ಕಿತು. ಅದರಿಂದ ಇನ್ನೊಂದು, ಅದರಿಂದ ಈ ಪಾಲಿಟೆಕ್ನಿಕ್ಕು. ಮೇಡಂ ಮದುವೆಯಾಗಿ ಸತ್ಯಮಂಗಲದ ಕಡೆ ಹೋದರೆಂದು ಯಾರೋ ಹೇಳಿದರು. ಒಂದು ದಿನ ಹೋಗಿ ನೋಡಬೇಕು ಎಂದುಕೊಂಡೆ... ಎಂದುಕೊಳ್ಳುತ್ತಲೇ ಇದ್ದೆ.

ಆ ಹುಡುಗಿ ಅರಿಸಿನದ ವಾಸನೆ ಹೊತ್ತು ಬಂದ ವಾರವೇ, ಭಾನುವಾರ, ಚಾಮರಾಜನಗರದಲ್ಲಿ ಮೇಡಮ್ಮಿನ ತವರುಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದದ್ದು ಅವರ ತಂಗಿ. ಒಳಗೆ ಕೂರಿಸಿ ಕಾಫಿ ಕೊಟ್ಟರು.

"ಅಕ್ಕ ತೀರ್ಕಂಡು ನಾಕು ವರ್ಷ ಆಯ್ತು" ಎಂದರು. ನಾನು ಕಾಫಿ ಲೋಟ ಕೆಳಗಿಟ್ಟೆ. ಆಮೇಲೆ ಅವರೇ, "ನೀವು ಗುಂಡ್ಲುಪೇಟೆ ಸೆಂಟರಿನವ್ರಾ? ಅಕ್ಕ ಕೆಲಸ ಕಳ್ಕಂಡಿದ್ದು ಅಲ್ಲೇ ಅಲ್ವಾ. ನಮ್ಮಪ್ಪ ಸಾಯೋಗಂಟ ಅದನ್ನೇ ಎತ್ತಿ ಆಡ್ಕತಿದ್ರು. ಇಷ್ಟು ಓದ್ಸುದ್ರೆ ನಾಕೂರು ಅಳಿಸ್ಬುಟ್ಟು ಬಂದ್ಲು ಅಂತ. ನೆಂಟರ ಮುಂದೂ ಬುಡ್ತಿರ್ಲಿಲ್ಲ. ಅವ್ಳು ನಕ್ಕು ಸುಮ್ಗಾಗೋಳು" ಎಂದರು.

ಯಜಮಾನರ ಮುಂದೆ ಹೇಳಿದ ಆ ಒಂದು ಸುಳ್ಳನ್ನು ಮೇಡಂ ಮನೆಯಲ್ಲೂ ಬಿಚ್ಚಿರಲಿಲ್ಲ.

"ಅಳಿಸಿದ್ದು ಅವರಲ್ಲ. ನಾನು" ಎಂದೆ. ಇದ್ದದ್ದನ್ನು ಇದ್ದಹಾಗೆ ಪೂರ್ತಿ ಹೇಳಿದೆ.

ತಂಗಿ ನನ್ನನ್ನೇ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಮ್ಮಪ್ಪ ಇದ್ದಾಗ ಬಂದು ಹೇಳ್ಬೇಕಿತ್ತು ಕಣಮ್ಮ ನೀವು" ಎಂದರು.

ಹೇಳಬೇಕಿತ್ತು. ನಾನು ದಿನಾ ಪಾಲಿಟೆಕ್ನಿಕ್ಕಿಗೆ ನಡೆದು ಹೋಗುವ ರಸ್ತೆಯಿಂದ ಆ ಮನೆ ಎರಡೇ ಬೀದಿ ಆಚೆಗಿದೆ.