ಟ್ರೇಯಲ್ಲಿ ತೋರಿಸಿದ್ದು

ಹೊಸಪೇಟೆಯ ಆ ನರ್ಸಿಂಗ್ ಹೋಮಿನಲ್ಲಿ ಅಕ್ಕನ ಬಗ್ಗೆ ಡಾಕ್ಟರು ನಿಜವಾಗಿ ಏನು ಹೇಳಿದರೆಂದು ನನಗೆ ಖಚಿತವಿಲ್ಲ. ಕ್ಯಾನ್ಸರ್ ಆಗಿದೆ ಅಂದರೋ, ಆಗುತ್ತಿತ್ತು ಅಂದರೋ? ಇಪ್ಪತ್ತು ವರ್ಷಗಳ ಮೇಲೆ ಎರಡು ಮಾತೂ ಅವರದೇ ದನಿಯಲ್ಲಿ ಕೇಳಿಸುತ್ತವೆ. ನನ್ನ ನೆನಪನ್ನು ನಾನೇ ನಂಬುವುದಿಲ್ಲ, ನೀವೂ ನಂಬಬೇಡಿ. ಆದರೆ ಮೊನ್ನೆ ಕಂಪ್ಲಿಯಲ್ಲಿ ಅಕ್ಕನ ಮಗಳು ಶೈಲಾ ಸ್ಕ್ಯಾನಿಂಗ್ ಚೀಟಿಯೊಂದನ್ನು ನನ್ನ ಕೈಗಿತ್ತಾಗ, ನನ್ನ ಆ ನೆನಪನ್ನು ಪೂರ್ತಿ ನಂಬಿದ ಅಕ್ಕ ಪಕ್ಕದಲ್ಲೇ ಕೂತಿದ್ದಳು.

ಶೈಲಾಗೆ ಇನ್ನೂ ಮೂವತ್ತಾಗಿಲ್ಲ. ಬಿಳಿಸೆರಗು ಹೋಗುತ್ತದೆಂದು ತೋರಿಸಿಕೊಳ್ಳಲು ಹೋದರೆ, ಗರ್ಭಕೋಶವನ್ನೇ ತೆಗೆಸಿಬಿಡಿ ಎಂದಿದ್ದಾರೆ.

"ತಗಸಿಬಿಡವ್ವ," ಅಂದಳು ಅಕ್ಕ. "ನನ್ನ ಚೀಲ ತಗದಿದ್ದಕ್ಕ ಇವತ್ತು ನಮ್ಮೂರು ಗಾದಿಗನೂರಾಗ ಜೀವಂತ ಅದೀನಿ. ಇಲ್ಲಂದ್ರ ಕ್ಯಾನ್ಸರ್ ತಿಂದು ಹಾಕ್ತಿತ್ತು. ನಿಮ್ಮ ಮಾಮನ್ನ ಕೇಳು, ಕಣ್ಣಾರೆ ನೋಡ್ಯಾನ."

ನೋಡಿದ್ದು ಹೌದು. ಆಪರೇಷನ್ ಮುಗಿದ ಮೇಲೆ ನರ್ಸ್ ಒಂದು ಸ್ಟೀಲ್ ಟ್ರೇ ಹಿಡಿದು ಹೊರಗೆ ಬಂದಳು. ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ನಮ್ಮ ಕಡೆ ರೂಢಿ. ಭಾವ ಮುಖ ತಿರುಗಿಸಿ, "ನೀ ನೋಡಪ, ಕಲ್ತವ್ನು," ಎಂದು ನನ್ನನ್ನು ಮುಂದೆ ತಳ್ಳಿದರು. ನಾನಾಗ ಬಿ.ಎಸ್ಸಿ. ಕೊನೆಯ ವರ್ಷ. "ಹೆಂಗ ಕೆಟ್ಟೈತಿ ನೋಡ್ರಿ," ಅಂದರು ಡಾಕ್ಟರು. ರಕ್ತ ಮೆತ್ತಿದ ಮಾಂಸದ ಮುದ್ದೆಯಲ್ಲಿ ಕೆಟ್ಟದ್ದು ಯಾವುದು, ನೆಟ್ಟಗಿದ್ದದ್ದು ಯಾವುದು, ನನಗೇನು ಗೊತ್ತು? ಭಾರಿ ಪಂಡಿತನ ಹಾಗೆ ತಲೆಯಾಡಿಸಿದೆ.

ಮುಂದೆ ಎಂ.ಎಸ್ಸಿ. ಪ್ರಯೋಗಾಲಯದಲ್ಲಿ ನನ್ನ ಪಾಲಿಗೆ ಬಂದ ಕೆಲಸ, ಗರ್ಭಕಂಠದ ಚೂರುಗಳಲ್ಲಿ ಹಾರ್ಮೋನ್ ಗ್ರಾಹಕಗಳನ್ನು ಹುಡುಕುವುದು. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಬಂದು ಕೂಡುವ ಜಾಗಗಳವು; ಬಣ್ಣ ಹಾಕಿದರೆ ಕಂದಾಗಿ ಕಾಣುತ್ತವೆ. ಸೂಕ್ಷ್ಮದರ್ಶಕದ ಕೆಳಗಿನ ನಮ್ಮ ಗಾಜುಗಳಲ್ಲಿ ಕ್ಯಾನ್ಸರಿನ ಚೂರು ಬಹುಪಾಲು ಪೇಲವ, ಆರೋಗ್ಯದ ಚೂರು ದಟ್ಟ ಕಂದು. ಹೋಲಿಸಿ ನೋಡಲು ಆರೋಗ್ಯದ ಚೂರುಗಳು ಬೇಕು. ಆಸ್ಪತ್ರೆಗಳಲ್ಲಿ ತೆಗೆದ ಗರ್ಭಕೋಶಗಳಿಂದ ಸಿಗುತ್ತಿದ್ದ ಅವಕ್ಕೆ ಎಂದೂ ಬರವಿರಲಿಲ್ಲ. ಬಣ್ಣ ಚೆನ್ನಾಗಿ ಹಿಡಿದಾಗ ನಾನು ಹಿಗ್ಗುತ್ತಿದ್ದೆ. ಗರ್ಭಕಂಠಕ್ಕೆ ಏನೂ ಆಗದ ಇಷ್ಟೊಂದು ಹೆಂಗಸರ ಗರ್ಭಕೋಶ ತೆಗೆದದ್ದಾದರೂ ಯಾಕೆ? ಕೆಲವರಿಗೆ ಗಡ್ಡೆ, ಕೆಲವರಿಗೆ ನಿಲ್ಲದ ರಕ್ತಸ್ರಾವ, ಒಪ್ಪೋಣ. ಚೂರಿನ ಜೊತೆ ಬಂದ ಉಳಿದ ಚೀಟಿಗಳಲ್ಲಿ ಇದ್ದದ್ದು ಬಿಳಿಸೆರಗು ಎಂಬ ಒಂದೇ ಪದ. ಔಷಧಿಯಲ್ಲಿ ಹೋಗಬಹುದಾದದ್ದಕ್ಕೆ ಚಾಕು! ಎಲ್ಲವನ್ನೂ ಸಂದೇಹಿಸುವ ವಿಶ್ವವಿದ್ಯಾಲಯದ ನಾವು ಅದೊಂದನ್ನು ಮಾತ್ರ ಕೇಳಲಿಲ್ಲ.

ಕಂಪ್ಲಿಯಲ್ಲಿ ಕೊನೆಗೂ ಬಾಯಿಬಿಟ್ಟೆ. "ಅಕ್ಕ, ಅವತ್ತು ನನಗ ಏನೂ ಗೊತ್ತಾಗಿರ್ಲಿಲ್ಲ."

"ಮತ್ತ ಕೆಟ್ಟಿತ್ತು ಅಂತ ಊರಿಗೆಲ್ಲ ಹೇಳಿದೆಲ್ಲೋ! ಗೊತ್ತಿಲ್ಲ ಅನ್ನಾಕ ಬಾಯಾಗ ಕಡುಬು ಇಟ್ಕಂಡಿದ್ದೇನಲೇ?"

ಆಮೇಲೆ ಅಕ್ಕನ ದನಿ ಸಣ್ಣದಾಯಿತು. "ಮೂವತ್ತೆರಡಕ್ಕ ಮೈಯೆಲ್ಲ ಬೆಂಕಿ ಆತು, ಎಲುಬು ಸವದ್ವು. ಜೀವ ಉಳೀತಲ್ಲ ಅಂತ ತಡಕಂಡೆ. ಅದೆಲ್ಲ ಸುಮ್ನೇ ಏನು?"

ಶೈಲಾ ಚೀಟಿ ಮಡಚಿದಳು. "ನಾ ಈಗ್ಲೇ ತಗಸಂಗಿಲ್ಲಬೇ. ಮೊದ್ಲು ಬ್ಯಾರೆ ಕಡೆ ಪರೀಕ್ಷೆ ಮಾಡಿಸ್ಕಂತೀನಿ."

ಅಕ್ಕ ಬೇಡ ಅನ್ನಲಿಲ್ಲ. ನನ್ನತ್ತ ತಿರುಗಿ, "ನೀ ಹೋಗಿ ನಂದು ಏನಿತ್ತು ನೋಡ್ಕಂಡು ಬಾ," ಅಂದಳು.

ಅಂದು ಆ ಮುದ್ದೆಯನ್ನು ಪರೀಕ್ಷೆಗೆ ಕಳಿಸಿದ್ದ ಲ್ಯಾಬಿನಲ್ಲಿ ಹಳೆಯ ವರದಿ ಸಿಕ್ಕಿತು. ಯಾರೂ ಒಯ್ದಿರಲಿಲ್ಲ. ಗರ್ಭಕಂಠದಲ್ಲಿ ರೋಗವಿಲ್ಲ, ಗರ್ಭಕೋಶದಲ್ಲೂ ಇಲ್ಲ. ಅಷ್ಟನ್ನು ನಾನು ಊಹಿಸಿದ್ದೆ. ಅದರ ಕೆಳಗಿನ ಸಾಲನ್ನು ಊಹಿಸಿರಲಿಲ್ಲ. ಮೈ ಬೆಂಕಿಯಾಗದಂತೆ, ಎಲುಬು ಸವೆಯದಂತೆ ಕಾಯುವ ಈಸ್ಟ್ರೋಜೆನ್ ಕೊಡುವ ಅಂಡಾಶಯಗಳನ್ನೂ ತೆಗೆದಿದ್ದರು, ನಮಗೆ ಒಂದು ಮಾತೂ ಹೇಳದೆ. ಎರಡೂ ಆರೋಗ್ಯವಾಗಿದ್ದವು.