ಅರ್ಧ ಡಾಕ್ಟರರ ಎರಡು ಡಬ್ಬಿ

ಔಷಧಿ ಅಂಗಡಿಯವರನ್ನು ಬೀದಿಯವರೆಲ್ಲ ‘ಅರ್ಧ ಡಾಕ್ಟರು’ ಎಂದೇ ಕರೆಯುತ್ತಿದ್ದರು. “ಪೂರ್ತಿ ಡಾಕ್ಟರು ಚೀಟಿ ಬರೀತಾರೆ, ಅರ್ಧ ಡಾಕ್ಟರು ಬೈದು ಕಳಿಸ್ತಾರೆ” ಎಂಬುದು ಎದುರುಮನೆಯಾಕೆಯ ಮಾತು. ಸುಳ್ಳಲ್ಲ. ಯಾರೇ ನಿದ್ದೆಗೆ ಮಾತ್ರೆ ಕೇಳಲಿ, “ಎಷ್ಟು ದಿನದಿಂದ?” ಎನ್ನುವರು. ಹದಿನೈದು ದಿನ ದಾಟಿತ್ತೋ, ಕೊಡುತ್ತಿರಲಿಲ್ಲ. “ಮೊದಲು ರಕ್ತ ಪರೀಕ್ಷೆ ಮಾಡಿಸ್ಕೊಂಡು ಬಾರಮ್ಮ. ನಾನೇನು ಮಂತ್ರ ಹಾಕ್ತೀನಾ?”

ಮನೆಯಲ್ಲಿ ಹೆಂಡತಿ ಬಟ್ಟೆ ಹೊಲಿಯುತ್ತಿದ್ದಳು. ಕಣ್ಣಳತೆಯಲ್ಲೇ ಅಂಗಿ ಕತ್ತರಿಸುವ ಕೈ. ಅಂಥವಳು ಒಂದು ದಿನ ಎರಡು ಎಡತೋಳು ಹೊಲಿದು, ಬಲದ್ದೆಲ್ಲಿ ಎಂದು ಹುಡುಕುತ್ತ ಕೂತಳು.

“ನಿದ್ದೆ ಇಲ್ಲ ಕಣ್ರೀ. ತಲೆಗೆ ಮಂಜು ಕವಿದ ಹಾಗಿದೆ, ಕಾಲೂ ಜೋಮು ಹಿಡಿಯುತ್ತೆ.”

ಅವರು ಅಂಗಡಿಯಿಂದ ಎರಡು ಡಬ್ಬಿ ತಂದರು. ಒಂದು ಮೆಲಟೋನಿನ್, ಇನ್ನೊಂದು ಮೆಗ್ನೀಸಿಯಂ. ಎರಡರ ಮೇಲೂ ‘ಸುಖನಿದ್ದೆ, ಚುರುಕು ಮೆದುಳು’ ಎಂದು ದಪ್ಪಕ್ಷರ.

“ಯಾವುದು ಒಳ್ಳೇದು?”

“ನೋಡೇ ಬಿಡೋಣ.”

ಒಂದು ತಿಂಗಳು ಇದು, ಒಂದು ತಿಂಗಳು ಅದು. ಕ್ಯಾಲೆಂಡರಿನ ತುಂಬ ಗುರುತು. ಮೆಲಟೋನಿನ್ ಬೇಗ ಕಣ್ಣು ಮುಚ್ಚಿಸಿತು, ನಸುಕಿಗೇ ತೆರೆಸಿತು. ಮೆಗ್ನೀಸಿಯಂ ಹೊಟ್ಟೆ ಸಡಿಲಿಸಿತು, ಆದರೆ ನಿದ್ದೆ ಒಂದೇ ಸಮ. ಜೋಮು ಮಾತ್ರ ಎರಡಕ್ಕೂ ಜಗ್ಗಲಿಲ್ಲ.

“ಮೆಗ್ನೀಸಿಯಂ ಒಂದು ಕೂದಲೆಳೆ ಮುಂದೆ” ಎಂದು ತೀರ್ಪು ಕೊಟ್ಟರು.

“ನಾನೆಲ್ಲಿದೀನಿ ಹೇಳಿ, ಹಿಂದೋ ಮುಂದೋ?” ಎಂದು ಅವಳು ನಕ್ಕಳು. ಅವರೂ ನಕ್ಕರು. ಆ ನಗುವಿನಲ್ಲೇ ಎರಡು ವರ್ಷ ಸರಿದುಹೋಯಿತು.

ಬೇರೆ ಊರಿನಲ್ಲಿದ್ದ ಮಗಳು ಬಂದಾಗ ಅಮ್ಮ ಅವಳ ಹೆಸರಿಗೇ ತಡವರಿಸಿದಳು. ಮಗಳು ಅಮ್ಮನನ್ನು ಆಸ್ಪತ್ರೆಗೆ ಎಳೆದೊಯ್ದಳು; ಅರ್ಧ ಡಾಕ್ಟರೂ ಹಿಂದೆಯೇ ಹೋದರು. ರಕ್ತದಲ್ಲಿ ನರಕ್ಕೂ ನೆನಪಿಗೂ ಬೇಕಾದ ಬಿ-12 ಎಂಬ ಜೀವಸತ್ವ ತಳ ಕಂಡಿತ್ತು. ಅಲ್ಲಿನ ಡಾಕ್ಟರು ಸೂಜಿಮದ್ದು ಬರೆದರು.

“ಇನ್ನಷ್ಟು ಕೆಡದ ಹಾಗೆ ನೋಡ್ಕೋಬಹುದು. ಹೋದದ್ದೆಲ್ಲ ವಾಪಸ್ ಬರುತ್ತೆ ಅನ್ನಲಾರೆ. ಎಷ್ಟು ದಿನದಿಂದ ಹೀಗೆ?”

ಅವರು ಅಂಗಡಿಯಲ್ಲಿ ಸಾವಿರ ಜನರನ್ನು ಕೇಳಿದ ಪ್ರಶ್ನೆ. ಹೆಂಡತಿಯನ್ನು ಮಾತ್ರ ಕೇಳಿರಲಿಲ್ಲ.

“ಊರಿಗೆಲ್ಲ ಹೇಳಿದ ಬುದ್ಧಿ ನಮ್ಮನೆ ಹೊಸಲು ದಾಟಲಿಲ್ಲ ಕಣಮ್ಮ” ಎಂದರು ಮಗಳಿಗೆ. ಅವಳು ಬೈಯಲಿಲ್ಲ. ಬೈದಿದ್ದರೆ ಎದೆ ಕೊಂಚ ಹಗುರಾಗುತ್ತಿತ್ತು.

ಅಂಗಡಿ ಬೇರೆಯವರ ಕೈಸೇರಿತು. ಮಗಳ ಮನೆಗೆ ಹೊರಟ ದಿನ, ಸಾಮಾನೆಲ್ಲ ಗಾಡಿ ಏರಿದ ಮೇಲೂ ಹೆಂಡತಿ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟೇಳಲಿಲ್ಲ.

“ನಮ್ಮೆಜಮಾನ್ರು ಅಂಗಡಿಗೆ ಹೋಗಿದಾರೆ. ಅವರು ಬರಲಿ, ಆಮೇಲೆ ಹೊರಡ್ತೀನಿ” ಎಂದಳು, ಎದುರಿಗೆ ನಿಂತ ಗಂಡನಿಗೇ.

ಅವರು ಕುರ್ಚಿಯತ್ತ ಬಗ್ಗಿದರು. “ಅವರು ಆಗಲೇ ಮುಂದೆ ಹೋದ್ರಮ್ಮ. ನಿಮ್ಮನ್ನ ಕರ್ಕೊಂಡು ಬಾ ಅಂದಿದಾರೆ.”

“ಹೌದಾ? ಮೊದಲೇ ಹೇಳಬಾರದಾ!” ಎಂದು ಕೈ ಚಾಚಿದಳು.

ಅವರು ಆ ಕೈ ಹಿಡಿದು ಹೊರಬಂದು, ಇನ್ನೊಂದು ಕೈಯಲ್ಲಿ ಬೀಗ ಹಾಕಿ, ಬೀದಿಗಿಳಿದರು.